ಮೇಕೆ ಖಾತೆ

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ
ಐವತ್ತೆಂಟು ವರ್ಷದಿಂದ ಒಂದೇ ಸದ್ದಿನಲ್ಲಿ
ಶೇಂಗಾ ಹಿಂಡುವ ಮಿಲ್ಲು.
ನಾನಲ್ಲಿ ಗುಮಾಸ್ತ. ನನ್ನ ಕಿರ್ದಿಯಲ್ಲಿ
ಎಲ್ಲಕ್ಕೂ ಒಂದೊಂದು ಮನೆ:
ಹಮಾಲಿ, ಸುತಳಿ, ಬೆಲ್ಟು, ಗ್ರೀಸು,
ಅಮಾವಾಸ್ಯೆಯ ಕುಂಬಳಕಾಯಿ.
ಹೇಳಲು ನಾಚಿಕೆಯಾಗುವ ಖರ್ಚಿಗೂ
'ಇತರೆ' ಅಂತೊಂದು ಹಿತ್ತಿಲಮನೆ.

ಧಣಿ ಯಾವುದೋ ಸಭೆಗೆ ಹೋಗಿ ಬಂದು
ಸಲಹಾ ಪೆಟ್ಟಿಗೆ ತೂಗುಹಾಕಿಸಿದ್ದರು.
ವರ್ಷದ ಮೇಲೆ ತೆರೆದರೆ
ಎರಡು ರಜಾ ಚೀಟಿ, ಮೋಟು ಬೀಡಿ, ಹಲ್ಲಿಯ ಮೊಟ್ಟೆ.
"ಯಾರಿಗೂ ಏನೂ ಹೊಳೀಲಿಲ್ವಾ?" ಅಂದರು.
ಮ್ಯಾನೇಜರ್ ವೃಷಭೇಂದ್ರಪ್ಪ ಅಂದರು:
"ಹೊಳೀಬೇಕ್ಯಾಕೆ? ನಡೀತಾ ಇದೆಯಲ್ಲ."

ಆಗ ಎದ್ದವಳು ತಿಪ್ಪಮ್ಮ.
ಇಪ್ಪತ್ತು ವರ್ಷ ಕುಕ್ಕರಗಾಲಲ್ಲಿ ಕೂತು
ಕೆಟ್ಟ ಕಾಳು ಆರಿಸಿದವಳು.
"ಬೂಷ್ಟು ಹಿಡಿದದ್ದು ಹಗುರ ಇರ್ತೈತಿ, ಸಾಮಿ.
ಆಷಾಢದ ಗಾಳಿ ನನಗಿಂತ ಮುಂಚೆ ಅದನ್ನ ಆರಿಸಿ ಒಗೀತೈತಿ.
ಗಾಳಿಗೆ ಕೂಲಿ ಬ್ಯಾಡ,
ಬಾಗಿಲು ಕೊಟ್ರೆ ಸಾಕು."
"ಆಮೇಲೆ ನಿನ್ನ ಕೂಲಿ?" ಅಂದೆ ನಾನು.
"ಅದನ್ನ ನನ್ನ ಸೊಂಟ ಕೇಳ್ರಿ," ಅಂದಳು.

ಧಣಿ ಹಳೇ ಗೋದಾಮಿನ ಬೀಗದ ಕೈ ಕೊಟ್ಟರು.
"ಶನಿವಾರ ಮಧ್ಯಾಹ್ನದ ಮೇಲೆ ನಿಮ್ಮದು.
ಏನು ಮಾಡ್ತೀರಿ ಅಂತ ನನಗೆ ಹೇಳಬೇಡಿ."
ಫಿಟ್ಟರ್ ದಾದಾಪೀರ್ ಗುಜರಿಯಿಂದ
ಕೂಲರಿನ ಫ್ಯಾನು ತಂದ,
ತಗಡು ಬಗ್ಗಿಸಿದ, ಜರಡಿ ಕಟ್ಟಿದ,
ಬಿಸ್ಮಿಲ್ಲಾ ಅಂತ ಗುಂಡಿ ಒತ್ತಿದ.

ಬೂಷ್ಟು ಕಾಳು ನಿಂತಲ್ಲೇ ನಿಂತಿತು.
ಒಳ್ಳೇ ಕಾಳು ಹಾರಿತು,
ಮೂರು ಚೀಲ, ಕಾಂಪೌಂಡು ದಾಟಿ, ರಸ್ತೆಗೆ.
ಗೊಲ್ಲರಹಟ್ಟಿಯ ಮೇಕೆಗಳು ಬಂದವು,
ಕರೆಯದೆ, ನಾಚದೆ, ಮರಿಗಳ ಸಮೇತ.
ಹೊತ್ತು ಮುಳುಗುವಾಗ ಹೊಟ್ಟೆಯುಬ್ಬಿದ ಹೋತವನ್ನು
ಹೆಗಲ ಮೇಲೆ ಹೊತ್ತು ಚಿತ್ತಯ್ಯನೂ ಬಂದ,
ಪರಿಹಾರ ಕೇಳಲು.

ಎಲ್ಲಿ ಬರೆಯಲಿ ಇದನ್ನು?
'ನಷ್ಟ' ಎಂದರೆ ಎದುರಿಗೊಂದು ಹೆಸರು ಬೇಕು,
ಹೆಸರಿದ್ದರೆ ಸಂಬಳದಲ್ಲಿ ಕಡಿತ.
ಅದು ಧಣಿಯ ತಾತನ ಕಾಲದ ಕಾಯ್ದೆ.
ದಾದಾಪೀರ್ ನೆಲ ನೋಡುತ್ತಿದ್ದ.
"ನನ್ನ ಹೆಸರು ಬರಕಳ್ರಿ," ಅಂದಳು ತಿಪ್ಪಮ್ಮ.
ಪೆನ್ನು ನನ್ನ ಕೈಯಲ್ಲೇ ಒಣಗಿತು.

ಧಣಿ ಅದನ್ನು ಕಿತ್ತುಕೊಂಡು
ಹೊಸ ಹಾಳೆ ತಿರುವಿದರು,
ವಕ್ರ ಅಕ್ಷರದಲ್ಲಿ ಬರೆದರು: ಮೇಕೆ ಖಾತೆ.
"ವರ್ಷಕ್ಕೆ ನಲವತ್ತು ಸಾವಿರ.
ಮೊತ್ತ ಮಾತ್ರ ಬರೀರಿ. ಹೆಸರು ಬೇಡ."

ಐದನೇ ಶನಿವಾರ ಗಾಳಿ ಮಾತು ಕೇಳಿತು.
ಈಗ ಯಂತ್ರದ ಬಾಯಿಯ ಬಳಿ ತಿಪ್ಪಮ್ಮನಿಗೊಂದು ಕುರ್ಚಿ;
ಕಣ್ಣು ಮುಚ್ಚಿ ಕೇಳಿಯೇ
ಫ್ಯಾನು ಏರಿಸು, ಇಳಿಸು ಅನ್ನುತ್ತಾಳೆ.
ಆರಿಸುತ್ತಿದ್ದ ಹದಿನಾಲ್ಕು ಜನರಲ್ಲಿ
ಹನ್ನೊಂದು ಮಂದಿ ಹಿಂಡಿ ಪ್ಯಾಕಿಂಗಿಗೆ ಹೋದರು.
ಮೂವರು ಮತ್ತೆ ಬರಲಿಲ್ಲ.
ಅದಕ್ಕೆ ನನ್ನ ಕಿರ್ದಿಯಲ್ಲಿ ಇಂದಿಗೂ ಮನೆಯಿಲ್ಲ.

ಮೇಕೆ ಖಾತೆ ಆಮೇಲೂ ಮೇಯಿತು:
ಗೋಡೆಯನ್ನೆಲ್ಲ ಕಪ್ಪು ಮಾಡಿದ ಸಿಪ್ಪೆಯ ಒಲೆ,
ದನ ಮೂಸಿ ಮುಖ ತಿರುಗಿಸಿದ ಹಿಂಡಿಯುಂಡೆ,
ಸೋರದ ಡಬ್ಬಿಯ ಮುಚ್ಚಳ. ಅದೊಂದು ಗೆದ್ದಿತು,
ಈಗ ಬಳ್ಳಾರಿಯವರೂ ಕೇಳುತ್ತಾರೆ.
ಹೊಸ ಹುಡುಗರು ಪೆಟ್ಟಿಗೆಯ ಹತ್ತಿರ ಹೋಗುವುದಿಲ್ಲ,
ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಕೇಳುತ್ತಾರೆ:
"ಸಾರ್, ಮೇಕೆಯಲ್ಲಿ ಎಷ್ಟು ಉಳಿದೈತೆ?"

ಕೇಳುತ್ತಿದ್ದರು, ಅನ್ನಬೇಕು.
ಮಿಲ್ಲು ಈಗ ಚೆನ್ನಾಗಿದೆ. ಲಾಭವಿದೆ. ಹೊಸ ಬಣ್ಣವಿದೆ.
ಮಾರ್ಚಿ ಮೂವತ್ತೊಂದರ ರಾತ್ರಿ ಲೆಕ್ಕ ಮುಗಿಸುವಾಗ
ವೃಷಭೇಂದ್ರಪ್ಪ ಬೆನ್ನು ತಟ್ಟಿದರು:
"ನೋಡ್ರಿ, ಈ ಸಲ ಒಂದು ಪೈಸೆ ಪೋಲಾಗಿಲ್ಲ!"

ಗೇಟಿನಲ್ಲಿ ಎರಡು ಮೇಕೆ ಕತ್ತೆತ್ತಿ
ಗಾಳಿ ಮೂಸಿ ಹಿಂದಿರುಗಿದವು.
ಮೇಕೆ ಖಾತೆ, ಶಿಲ್ಕು: ನಲವತ್ತು ಸಾವಿರ.
ಕೆಂಪು ಮಸಿಯಲ್ಲಿ ಬರೆದೆ.