ಮೂರನೇ ದಾರಿ

ಗೇಟಿನ ಪಕ್ಕ ನನ್ನ ಕುರ್ಚಿ. ಅದರ ಒಂದು ಕಾಲು ಗಣಿಯದು,
ಕಂಪನಿ ಬಿಟ್ಟುಹೋದ ಪೈಪು ಕೊಯ್ದು ಎರ್ರಿಸ್ವಾಮಿ ಬೆಸೆದದ್ದು.
ತೊಡೆಯ ಮೇಲೆ ರಸೀದಿ ಪುಸ್ತಕ, ನಡುವೆ ನೀಲಿ ಕಾರ್ಬನ್ನು.
ಬೈಕಿಗೆ ನೂರೈವತ್ತು, ಜೀಪಿಗೆ ನಾನೂರು,
ಕುರಿಗೆ ಏನೂ ಇಲ್ಲ.
ಹಲಗೆಯ ಆ ಕೊನೆಯ ಸಾಲು ನಾನೇ ಬರೆಸಿದ್ದು.
ಪೇಂಟರು ನಕ್ಕ: ಕುರಿ ಓದ್ತಾವೇನು ಹೊನ್ನೂರಬೀ?
ಓದೋದಿಲ್ಲ. ಓದಿದವರು ಬ್ರೇಕು ಹಿಡೀಲಿ ಅಂತ.

ಸಂಡೂರಿನ ಈ ಮಗ್ಗುಲಿಗೆ ನಾನು ಸೊಸೆಯಾಗಿ ಬಂದಾಗ
ಗುಡ್ಡ ಇನ್ನೂ ಎತ್ತರ ಇತ್ತು.
ಮಗ್ರಿಬ್ ಬಾಂಗಿಗೆ ಎಷ್ಟೋ ಮೊದಲೇ ಸೂರ್ಯನನ್ನು ನುಂಗಿ
ಅಂಗಳಕ್ಕೆ ನೆರಳು ಹಾಸುತ್ತಿತ್ತು.
ಈಗ ಬಾಂಗು ಕೂಗುವ ತನಕ ಬಿಸಿಲು, ಒಲೆಯ ಬಾಯಿಯವರೆಗೂ.
ಆ ಕಾಲು ಗಂಟೆಯ ನೆರಳನ್ನು ಲಾರಿಗಳು
ತಾಡಪಾಲು ಮುಚ್ಚಿ ಹೊತ್ತೊಯ್ದವು;
ಯಾವ ಬಂದರಿನಲ್ಲಿ ಇಳಿಸಿದರೋ.

ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹೊಟ್ಟೆ,
ಪಹಣಿಯಲ್ಲಿ ‘ಸರ್ಕಾರಿ’ ಎಂಬ ಒಂದೇ ಒಂದು ಪದ.

ಆ ಪದಕ್ಕೆ ಬಾಗಿಲಿಲ್ಲ ಅಂದುಕೊಂಡು
ಬಳ್ಳಾರಿಯಿಂದ, ಹೊಸಪೇಟೆಯಿಂದ ಹುಡುಗರು ಬಂದರು,
ಮೊಣಕಾಲಿಗೆ ಪ್ಲಾಸ್ಟಿಕ್ ಚಿಪ್ಪು, ತಲೆಗೆ ಗಾಜಿನ ಮುಖ.
ಹತ್ತಿದರು, ಬಿದ್ದರು, ಮತ್ತೆ ಹತ್ತಿದರು.
ಚೆನ್ನಾಗಿಯೇ ಇತ್ತು ನೋಡೋಕೆ, ಸುಳ್ಳು ಯಾಕೆ ಹೇಳಲಿ.
ಗುಡ್ಡ ಯಾರದೂ ಅಲ್ಲ ಅಂತಲೇ ನಾವೂ ತಿಳಿದಿದ್ದೆವು,
ಕುರುಬರ ಗಾದಿಲಿಂಗ ಬೈಕಿಗೆ ಕೋಲು ಅಡ್ಡ ಹಿಡಿದು
‘ಇದು ನಂದೂ ಐತೆ’ ಅನ್ನೋ ತನಕ.

ಆಮೇಲೆ ಸಭೆ, ಠರಾವು, ಜಗಳ, ಮಂಡಕ್ಕಿ, ಮತ್ತೆ ಜಗಳ.
ದೊಡ್ಡ ನಿಧಿಗೆ ಅರ್ಜಿ ಹೋಯಿತು; ಬಂದದ್ದು ಒಂದು ಸೌರದೀಪ,
ಅದೂ ಹಗಲೇ ಉರಿಯುತ್ತದೆ.
ಹಾಗಾಗಿ ನನ್ನ ಪುಸ್ತಕವೇ ನಿಧಿ.
ಹೋದ ಭಾನುವಾರ ಹದಿನೆಂಟು ಬೈಕು, ಒಂಬತ್ತು ಜೀಪು,
ಆರು ಸಾವಿರದ ಮುನ್ನೂರು.
ಅರ್ಧ ಪಂಚಾಯಿತಿಗೆ. ಉಳಿದದ್ದರಲ್ಲಿ ಟ್ರ್ಯಾಕ್ಟರಿನ ಡೀಸೆಲ್ಲು,
ಮುರಿದ ಮೂಳೆಗೆ ಪಟ್ಟಿ, ನನ್ನ ಕೂಲಿ.
ಗುಡ್ಡದ ಕೂಲಿ ಯಾವ ಕಾಲಮ್ಮಿಗೆ ಬರೀಲಿ
ಅಂತ ಕೇಳಿದೆ. ಸೆಕ್ರೆಟರಿ ಪೆನ್ನು ಕಚ್ಚಿದ.

ಹುಬ್ಬೆ ಮಳೆಗೆ ಮೂರನೇ ದಾರಿ ಸೀಳಿತು.
ಗಾಲಿ ಜಾಡು ಮೊಣಕಾಲುದ್ದ, ಅದರೊಳಗೆ ಕೆಂಪು ನೀರು,
ನೇರ ಕೆರೆಗೆ. ಮೆಂಬರು ಅಂದರು:
ಜನ ಬರೋದೇ ಆ ಏರಿಗೆ, ಮುಚ್ಚಿದರೆ ಗಲ್ಲಾ ಖಾಲಿ.
ಎರ್ರಿಸ್ವಾಮಿ ಮಾತಾಡಲಿಲ್ಲ.
ಮರುದಿನ ಜಾಡಿಗೆ ಅಡ್ಡಡ್ಡ ಕಲ್ಲು ಪೇರಿಸುತ್ತ ನನಗಷ್ಟೇ ಹೇಳಿದ:
‘ಹನ್ನೊಂದು ವರ್ಷ ಟಿಪ್ಪರಲ್ಲಿ ಇಳಿಸಿದೆ ಈ ಗುಡ್ಡಾನ.
ಈಗ ಬುಟ್ಟೀಲಿ ಏರಿಸ್ತಿದೀನಿ.
ಲೆಕ್ಕ ಯಾವಾಗ ಚುಕ್ತಾ ಆಗ್ತದೋ.’

ಹಗ್ಗ ಕಟ್ಟಿದೆವು. ಕೆಂಪು ಬಟ್ಟೆ ನನ್ನ ಹಳೇ ಸೀರೆಯದು.

ಇವತ್ತು ಒಬ್ಬ ಬಂದ, ಹೊಸ ಬೈಕು, ಸೀಟಿನ ಕವರೂ ತೆಗೆದಿಲ್ಲ.
ಮೂರನೇದೇ ಬೇಕು, ಡಬಲ್ ಕೊಡ್ತೀನಿ ಅಂದ.
‘ಅದು ಬಾಣಂತಿ ಐತಪ್ಪ’ ಅಂದೆ.
ಗಾಜು ಎತ್ತಿ ನನ್ನ ಮುಖ ನೋಡಿದ.
‘ಎಷ್ಟು ತಿಂಗಳು?’
‘ಮಳೆ ಹೇಳಬೇಕು.’
ನೂರೈವತ್ತೇ ಕೊಟ್ಟು ಒಂದನೇ ದಾರಿ ಹಿಡಿದ.
ಅವನ ಧೂಳೆಲ್ಲ ನನ್ನ ಚಹಾದ ಮೇಲೆ ಕೂತಿತು.

ಸಂಜೆ ರಸೀದಿಗಳ ಬುಡ ಎಣಿಸುತ್ತಿದ್ದೆ.
ಮೇಲಿನಿಂದ ಗಂಟೆ ಸದ್ದು.
ಗಾದಿಲಿಂಗನ ಕುರಿಗಳು, ನಲವತ್ತೋ ಐವತ್ತೋ,
ಹಗ್ಗದಡಿ ತೂರಿ ಮೂರನೇ ದಾರಿಯಲ್ಲೇ ಇಳಿದವು,
ಕಲ್ಲಿನ ಸಂದಿಯಲ್ಲಿ ಆಗಷ್ಟೇ ಕಣ್ಣು ಬಿಟ್ಟ ಹುಲ್ಲನ್ನು
ಪರಪರ ಕಿತ್ತು ತಿನ್ನುತ್ತ.
ಎದ್ದು ಕೂಗಬೇಕು ಅಂತ ಬಾಯಿ ತೆರೆದೆ.

ಹಲಗೆ ಬರೆಸಿದವಳು ನಾನೇ ತಾನೆ.