ಹಲಗೆಯ ಎಡಮೂಲೆ

ಶನಿವಾರ ರಾತ್ರಿ ಒಂಬತ್ತರ ಮೇಲೆ
ಸಂಘದ ಖೋಲಿಯ ಕದ ಮುಂದೆ ಮಾಡಿ,
ಕೊಡದ ತಳದ ನೀರಿಗೆ ಹಳೆ ಬನಿಯನ್ನು ಅದ್ದಿ
ವಾರವನ್ನು ಒರೆಸುತ್ತೇನೆ.

ವಾಸ್ಕೋದಲ್ಲಿ ಕರಿಹಲಗೆಗೆ ಬಣ್ಣ ಬಳಿಯಬೇಕಿಲ್ಲ.
ಬಂದರಿನ ಕಲ್ಲಿದ್ದಲ ಪುಡಿ ಗಾಳಿಗೆ ಏರಿ ಬಂದು
ಪುಕ್ಕಟೆ ಬಳಿದು ಹೋಗುತ್ತದೆ.
ಹಿಂಡಿದ ನೀರು ಮೆಟ್ಟಿಲಿಳಿದು
ಬೈನಾದ ಕಡೆ ಹರಿಯುವುದನ್ನು ನೋಡುತ್ತಾ ನಿಲ್ಲುತ್ತೇನೆ ಒಮ್ಮೊಮ್ಮೆ:
ಎಷ್ಟು ಸುಣ್ಣ, ಎಷ್ಟು ಮಸಿ,
ಯಾರದೋ ಮದುವೆ, ಯಾರದೋ ಮೂರು ದಿನದ ಕಾರ್ಯ.

ಮೇಲಿನ ಸುಸ್ವಾಗತ ಮಾತ್ರ ಹೋಗುವುದಿಲ್ಲ.
ಹುಣಶಿಕಟ್ಟಿ ಮಾಸ್ತರರು ಎಣ್ಣೆ ಬಣ್ಣದಲ್ಲಿ ಬರೆದದ್ದು.
ಎರಡನೆಯ ಸಕಾರದ ಕೆಳಗಿನ ಒತ್ತು ಕೊಂಚ ಜಾರಿದೆ.
ಏಣಿ ಅಲುಗಿತು ಎನ್ನುತ್ತಿದ್ದರು.
ಏಣಿ ಹಿಡಿದಿದ್ದವನು ನಾನೇ.

ಖಡುವಿನ ಡಬ್ಬಿ ನನ್ನ ಕೈಗಿಟ್ಟ ದಿನ
ಹೇಳಿದ್ದು ಇಷ್ಟು:
“ಜಾಗಾ ಸಣ್ಣದೈತಿ, ಮಂದಿ ಭಾಳ.
ಹೊಸಾದು ಮ್ಯಾಲ, ಹಳೇದು ಕೆಳಗ,
ಆಮ್ಯಾಲ ನೀರು.”

ಹಾಗೆಯೇ ನಡೆಸಿದೆ.
ಟ್ಯಾಂಕರು ಸೋಮವಾರ, ಗುರುವಾರ, ನಸುಕಿನ ಐದಕ್ಕೆ.
ಬಾದಾಮಿ ಬಸ್ಸು ಇನ್ನು ಸ್ಟ್ಯಾಂಡಿನ ಹೊರಗೇ ನಿಲ್ಲುತ್ತದೆ.
ರಕ್ತ ಬೇಕಾಗಿತ್ತು, ಸಿಕ್ಕಿತು, ಒರೆಸಬಹುದು.
ಗೌಂಡಿ ಕೆಲಸಕ್ಕೆ ಆರು ಜನ, ಊಟ ಅವರದೇ.
(ಅವರದೇ ಅಂದರೆ ಯಾರದು ಎಂದು
ನಾಲ್ಕು ಮಂದಿ ಜಗಳಕ್ಕೆ ಬಂದರು, ತಿದ್ದಬೇಕು.)
ಕೊಂಕಣಿ ಕಲಿಸುವ ಫಿಲೊಮೆನಾ ಬಾಯಿಗೆ ಮಂಡಿನೋವು,
ಪಾಠ ಇಲ್ಲ.

ಮತ್ತೆ ಯಮನೂರಪ್ಪ.
ವಯಸ್ಸು ೨೬, ಎಡ ಮುಂಗೈ ಮೇಲೆ ಚೇಳಿನ ಹಚ್ಚೆ,
ಕಡೆಗೆ ಕಂಡದ್ದು ಮೀನಿನ ಜೆಟ್ಟಿಯ ಹತ್ತಿರ,
ಕಾಲಲ್ಲಿ ಒಂದೇ ಚಪ್ಪಲಿ.
ಹನ್ನೊಂದು ವಾರ ಎಡಮೂಲೆಯಲ್ಲಿ, ಎಲ್ಲರಿಗಿಂತ ಮೇಲೆ ಇದ್ದ.
ಹನ್ನೆರಡನೆಯ ವಾರ, ಮಾಸ್ತರರ ಲೆಕ್ಕದಂತೆ,
ಅವನನ್ನು ಕೆಳಗಿನ ಬಲಮೂಲೆಗೆ ಇಳಿಸಿದೆ,
ಅಕ್ಷರ ಸಣ್ಣ ಮಾಡಿ.

ರವಿವಾರ ಬೆಳಿಗ್ಗೆ ನಿಂಬೆವ್ವ ಬಂದಳು.
ರೊಟ್ಟಿ ಬುಟ್ಟಿ ಕಟ್ಟೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿ,
ಎಡಮೂಲೆಗೆ ಬೆರಳು ಹಚ್ಚಿದಳು.
ಓದು ಬಾರದವಳು. ಜಾಗ ಬರುತ್ತಿತ್ತು.
ತಮ್ಮನ ಹೆಸರು ಎಷ್ಟು ಉದ್ದವೋ ಅಷ್ಟು ದೂರ
ಬೆರಳು ಮೆಲ್ಲಗೆ ಸರಿದು,
ಟ್ಯಾಂಕರಿನ ಮೇಲೆ, ಸೋಮವಾರದ ಮೇಲೆ ಸರಿದು ನಿಂತಿತು.
ಅಂಟಿದ ಸುಣ್ಣವನ್ನು ಕಣ್ಣಿಗೆ ಒತ್ತಿಕೊಂಡಳು.

ಸುಮ್ಮನಿರಬಹುದಿತ್ತು ನಾನು.
ಹೇಳಿಬಿಟ್ಟೆ.

“ನೀರೂ ಬೇಕಲ್ಲರೀ ಮಂದಿಗೆ” ಅಂದಳು.
ಬುಟ್ಟಿಯ ಅರಿವೆ ಸರಿಮಾಡಿದಳು. ಆಮೇಲೆ,
“ಹಂಗಾರ ಈಗ ಎಲ್ಲದಾನ ಅವ?”

ಎದೆಗೆ ಒದ್ದ ಹಾಗಾಯಿತು.
ಕೆಳಗೆ, ಅಲ್ಲಿ, ಎಂದು ಖಡುವಿನಿಂದ ತೋರಿಸಿದೆ.
ಕುಕ್ಕರಗಾಲಲ್ಲಿ ಕೂತು ನೋಡಿದಳು,
ಕಟ್ಟಿನೊಳಗೆ ಬಗ್ಗಿ ಮಗುವನ್ನು ನೋಡುವ ಹಾಗೆ.
ಓದ್ರಿ ಅಂದಳು. ಓದಿದೆ.
ವಯಸ್ಸಿನಲ್ಲಿ ತಡೆದಳು:
“ಮೊನ್ನಿ ಹುಣ್ಣಿಮಿಗೆ ಇಪ್ಪತ್ತೇಳು ಬಿತ್ತರೀ.”

ಹೆಬ್ಬೆರಳಿಗೆ ಉಗುಳು ಹಚ್ಚಿ ಆರನ್ನು ಒರೆಸಿ
ಏಳು ಬರೆದೆ.
ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ತಿದ್ದಿದ್ದು
ಅದೊಂದೇ ಇರಬಹುದು.

ಈಗ ಎಡಮೂಲೆಯಲ್ಲಿ ಒಂದು ಗೇಣು ಜಾಗಕ್ಕೆ
ನೀರು ತಾಗಿಸುವುದಿಲ್ಲ.
ಪುಡಿ ಕೂತು ಹೆಸರು ಮಬ್ಬಾದರೆ
ಅದೇ ಗೆರೆಯ ಮೇಲೆ ಮತ್ತೆ ಖಡು ಎಳೆಯುತ್ತೇನೆ.
ಸುಣ್ಣ ದಪ್ಪವಾಗುತ್ತಾ ಬಂದಿದೆ,
ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ.

ಕೊಡ ಹಿಡಿದವರು ಬೈಯುತ್ತಾರೆ:
“ಟ್ಯಾಂಕರಿಂದು ಎಲ್ಲಿ ಬರದೀರೋ ಮಾರಾಯ್ರ, ಕಾಣವಲ್ದು.”
ಕೆಳಗ ನೋಡ್ರಿ, ಅನ್ನುತ್ತೇನೆ,
ಇನ್ನಷ್ಟು ಕೆಳಗ.