ಎರವಲು ಕತ್ತೆ

ಹನ್ನೊಂದು ವರ್ಷ ಅವರ ಜೀಪು ಓಡಿಸಿದೆ,
ಮಲಾವಿ ಸರೋವರದ ದಂಡೆಯ ಕೆಂಪು ಹಾದಿಯಲ್ಲಿ.
ಜಿಲ್ಲಾ ಮಂಡಳಿಯ ಅಧ್ಯಕ್ಷರು, ಯಾಕೋಬೆ ಮ್ಫಾಂಡೆ.
ಮುಂದಿನ ಸೀಟಲ್ಲೇ ಕೂರುತ್ತಿದ್ದರು, ನನ್ನ ಪಕ್ಕ,
ಮೊಣಕಾಲ ಮೇಲೆ ಒಂದು ರೂಲು ಪುಸ್ತಕ:
ಇಷ್ಟು ಕಿಲೋಮೀಟರು ಸರಕಾರದ್ದು, ಇಷ್ಟು ನನ್ನದು.
ಮಗಳ ಹೆರಿಗೆಗೆ ಆಸ್ಪತ್ರೆಗೆ ಓಡಿದ ರಾತ್ರಿಯೂ
ಬ್ಯಾಟರಿ ಬೆಳಕಲ್ಲಿ ಬರೆದರು: ನನ್ನದು, ಹದಿನಾಲ್ಕು.

ನಾನು ಒಳಗೊಳಗೇ ನಗುತ್ತಿದ್ದೆ.
ಆಮೇಲಾಮೇಲೆ ನಗು ಹುಳಿಯಾಯಿತು.

ನನ್ನ ಲುಸುಂಗು ಪರೀಕ್ಷೆ ಮುಗಿಸಿದ.
ನಮ್ಮ ಮಾತಲ್ಲಿ ಲುಸುಂಗು ಅಂದರೆ ಕೃಪೆ.
ನೀರಿನ ಇಲಾಖೆಯಲ್ಲಿ ಗುಮಾಸ್ತನ ಕೆಲಸ ಖಾಲಿ ಇತ್ತು;
ಅಧ್ಯಕ್ಷರ ಎರಡು ಸಾಲು ಸಾಕಿತ್ತು.
ಗೇರು ಬದಲಿಸುತ್ತಾ ಕೇಳಿದೆ,
ಮುಖ ನೋಡಿ ಕೇಳುವ ಧೈರ್ಯವಿರಲಿಲ್ಲ.
ಸೇತುವೆ ದಾಟುವ ತನಕ ಅವರು ಬಾಯಿ ತೆರೆಯಲಿಲ್ಲ.
ಆಮೇಲೆ: "ನಿನಗೆ ಇಲ್ಲ ಅನ್ನುವುದು ನನಗೆ ಕಷ್ಟ.
ಅದಕ್ಕೇ ಇಲ್ಲ ಅನ್ನಬೇಕು."

ಇಂಥ ಮಾತು ಹೊಟ್ಟೆ ತುಂಬುತ್ತದೆಯೇ?
ಮನೆಯಲ್ಲಿ ಮರಗೆಣಸಿನ ಮುದ್ದೆ, ಒಣಮೀನು,
ಹೆಂಡತಿಯ ಮೌನ.
ನೀತಿವಂತನ ನೆರಳಲ್ಲಿ ನಿಂತರೂ ಬಿಸಿಲೇ,
ಅಂದಳು ಒಂದು ದಿನ. ನಾನು ಅಲ್ಲಗಳೆಯಲಿಲ್ಲ.

ಗರಿಗಳ ಭಾನುವಾರ ಪಾಸ್ಟರು ಮುಂದಿನ ಕುರ್ಚಿ ತೋರಿಸಿದರು;
ಇವರು ಬಾಗಿಲ ಬಳಿಯೇ ಕೂತರು,
ಬಲೆಯ ವಾಸನೆ ಹೊತ್ತು ಬಂದ ಬೆಸ್ತರ ನಡುವೆ.
ವಾಪಸು ಬರುವಾಗ, ಯಾರೋ ಕೇಳಿದರೆಂಬಂತೆ, ಅಂದರು:
"ಕರ್ತನು ಊರು ಹೊಕ್ಕಿದ್ದು ಎರವಲು ಕತ್ತೆಯ ಮೇಲೆ.
ಜೈಕಾರ ಅಡಗಿದ ಮೇಲೆ, ಸಂಜೆ,
ಯಾರಾದರೂ ಅದನ್ನು ಹೊಡೆದುಕೊಂಡು ಹೋಗಿ
ಬಿಚ್ಚಿದ ಗೂಟಕ್ಕೇ ಕಟ್ಟಿರಬೇಕು, ಅಲ್ಲವೇ?
ಆ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲ."
ಕತ್ತೆಗೆ ಹುಲ್ಲು ಹಾಕಿದವರು ಯಾರು ಅಂತ
ಕೇಳಬೇಕೆನಿಸಿತು. ಕ್ಲಚ್ಚು ಒತ್ತಿದೆ.

ಮುಂದಿನ ಚುನಾವಣೆಯಲ್ಲಿ ಸೋತರು.
ಎದುರಾಳಿ ಮನೆಮನೆಗೆ ಸಕ್ಕರೆ ಹಂಚಿದ್ದ;
ನಮ್ಮ ಮನೆಗೂ ಬಂದಿತ್ತು ಎರಡು ಪೊಟ್ಟಣ.
ಚಹಾ ಮಾಡಿ ಕುಡಿದೆವು.

ಮರುವಾರ, ಕಚೇರಿಯ ಅಂಗಳ ಗುಡಿಸುವ ಹೊತ್ತು,
ದಂಡೆಯ ಹಾದಿಯಲ್ಲಿ ಮಕ್ಕಳ ಗಲಾಟೆ.
ನೋಡಿದರೆ ಅವರು: ಪ್ಯಾಂಟು ಮಡಚಿ, ಬರಿಗಾಲಲ್ಲಿ,
ಜೀಪಿನ ಸ್ಟೆಪ್ನಿ ಉರುಳಿಸಿಕೊಂಡು ಬರುತ್ತಿದ್ದಾರೆ.
ಅವರ ಕೊಟ್ಟಿಗೆಯಲ್ಲಿ ಉಳಿದುಹೋಗಿತ್ತಂತೆ.
ಒಂಬತ್ತು ಕಿಲೋಮೀಟರು.
ಆಟವೆಂದುಕೊಂಡು ಹಿಂದೆ ಇಪ್ಪತ್ತು ಹುಡುಗರು,
ಕೂಗುತ್ತಾ, ಸಿಕ್ಕಿದ ಸೊಪ್ಪುಸದೆ ಬೀಸುತ್ತಾ.
ರಸೀದಿ ಕೇಳಿದರು. ಬರೆದುಕೊಟ್ಟೆ.
ನೀರು ಕೇಳಿದರು. ಕೊಟ್ಟೆ.
ಲುಸುಂಗು ಹೇಗಿದ್ದಾನೆ, ಅಂತಲೂ ಕೇಳಿದರು.

ಲುಸುಂಗುವಿಗೆ ಈಗ ಕೆಲಸವಾಗಿದೆ.
ಹೊಸ ಅಧ್ಯಕ್ಷರು ಹಿಂದಿನ ಸೀಟಲ್ಲಿ ಕೂರುತ್ತಾರೆ,
ಒಳ್ಳೆಯವರು, ಒಂದೇ ಫೋನಿನಲ್ಲಿ ಮುಗಿಸಿಕೊಟ್ಟರು.
ಸಂಬಳದ ದಿನ ಮನೆಯಲ್ಲಿ ಕೋಳಿ ಸಾರು,
ಹೆಂಡತಿ ಹಾಡಿಕೊಳ್ಳುತ್ತಾಳೆ.

ಆ ರೂಲು ಪುಸ್ತಕ ಜೀಪಿನಲ್ಲೇ ಇದೆ.
ನಿನ್ನೆ ರಾತ್ರಿ, ಸಾಹೇಬರ ನಾದಿನಿಯನ್ನು ಮದುವೆಮನೆಗೆ ಬಿಟ್ಟು ಬರುವಾಗ,
ಸೇತುವೆಯ ಈಚೆ ನಿಲ್ಲಿಸಿ,
ಪೆನ್ಸಿಲ್ಲಲ್ಲಿ ಬರೆದೆ: ನಲವತ್ತೆರಡು.
ಯಾರದ್ದು ಎಂಬ ಜಾಗ
ಖಾಲಿ ಬಿಟ್ಟೆ.